ಹದಿನೇಳನೆಯ ಪ್ರಶ್ನೆ

ಮಾರ್ಚ್ 6, 2023. ಸೋಮವಾರ. ಬೆಳಿಗ್ಗೆ 10

ಪ್ರೋಗ್ರಾಂ ಮತ್ತೆ ಓಡಿಸಿದ್ದೇನೆ. ಮುನ್ನೂರ ಹನ್ನೆರಡು ಜನರ ಉತ್ತರಗಳನ್ನು ಸಾವಿರ ಸಲ ಕಲಸಿ, ಸಾವಿರ ಸಲ ಚಿತ್ರ ಬರೆಯುವ ಕೆಲಸ. ಕಂಪ್ಯೂಟರಿಗೆ ನಲವತ್ತು ನಿಮಿಷ. ಅಷ್ಟರಲ್ಲಿ ಕೆಳಗಿಳಿದು ಮೀನಿನ ಗಂಜಿ ಕುಡಿದು ಬಂದೆ. ಶುಂಠಿ ಜಾಸ್ತಿ. ಬಂದು ನೋಡಿದರೆ ಇನ್ನೂ ಅರ್ಧ.

ನಮ್ಮೂರು ಮಿಯಾವ್‌ಲಿಯಿಂದ ಅಮ್ಮನ ಫೋನ್. "ಹನ್ನೊಂದು ವರ್ಷ ನೀನು ನರ್ಸ್ ಆಗಿದ್ದೆ, ಎಲ್ರಿಗೂ ಅರ್ಥ ಆಗ್ತಿತ್ತು. ಈಗ ಮಗಳು ಏನು ಮಾಡ್ತಾಳೆ ಅಂತ ಪಕ್ಕದ ಮನೆಯವಳು ಕೇಳಿದ್ರೆ ನಂಗೆ ಹೇಳಕ್ಕೇ ಬರಲ್ಲ."

ಹೇಳಿಕೊಟ್ಟೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇಪ್ಪತ್ತು ಪ್ರಶ್ನೆ. ದಣಿವಾ? ತುರಿಕೆಯಾ? ನಿದ್ದೆ ಇಲ್ಲವಾ? ಬೇಸರವಾ? ಇಲ್ಲವೇ ಇಲ್ಲ ಎಂದರೆ ಒಂದು, ಬಹಳ ಎಂದರೆ ಐದು. ಒಂದೊಂದು ಪ್ರಶ್ನೆಗೆ ಒಂದೊಂದು ವೃತ್ತ. ಉಳಿದ ಹದಿನೆಂಟನ್ನು ಪಕ್ಕಕ್ಕಿಟ್ಟ ಮೇಲೂ ಯಾವ ಎರಡು ಜೊತೆಜೊತೆಗೆ ಏರಿಳಿಯುತ್ತವೋ ಅವುಗಳ ನಡುವೆ ಗೆರೆ. ನಂಟು ಹೆಚ್ಚಿದ್ದರೆ ಗೆರೆ ದಪ್ಪ. ಹಾಗೆ ಒಂದು ಜಾಲ. ಅತಿ ಹೆಚ್ಚು ಗೆರೆಗಳು ಸೇರುವ ಜಾಗಕ್ಕೆ ಚಿಕಿತ್ಸೆ ಕೊಟ್ಟರೆ ಉಳಿದವೂ ಸಡಿಲವಾಗಬಹುದು, ಎಂಬ ಆಸೆ.

"ಇದಕ್ಕೆ ಕಂಪ್ಯೂಟರ್ ಯಾಕೆ? ದಣಿದೋರಿಗೆ ನಿದ್ದೆ ಬರಲ್ಲ, ನಿದ್ದೆ ಇಲ್ದೋರಿಗೆ ಸಿಟ್ಟು. ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

"ಅದೆಲ್ಲ ಎಲ್ಲಿಂದ ಶುರು ಆಗುತ್ತೆ ಹೇಳು ನೋಡೋಣ."

"ನಿಮ್ಮಪ್ಪನಿಂದ."

ಪ್ರೋಗ್ರಾಂ ಮುಗಿಯಿತು. ಚಿತ್ರ ಬಂತು. ನಡುವೆ ಕೂತಿರುವುದು ದಣಿವಲ್ಲ. ಹದಿನೇಳನೆಯ ಪ್ರಶ್ನೆ — 'ನಾನು ಇತರರಿಗೆ ಹೊರೆಯಾಗಿದ್ದೇನೆ ಅನ್ನಿಸುತ್ತದೆ.' ಅದರಿಂದ ಹನ್ನೊಂದಕ್ಕೆ, ಅಂದರೆ 'ಡಾಕ್ಟರ್ ಹಾಕಿದ ನೀರಿನ ಮಿತಿ ಮೀರುತ್ತೇನೆ' ಎಂಬುದಕ್ಕೆ, ಇಡೀ ಚಿತ್ರದಲ್ಲೇ ಅತಿ ದಪ್ಪ ಗೆರೆ. ಎರಡು ಸಲ ಪರೀಕ್ಷಿಸಿದೆ. ಇದೆ.

ಮಾರ್ಚ್ 7, ಮಂಗಳವಾರ

ನನ್ನ ಗೈಡ್ ಫಾಂಗ್ ಮೇಡಂ ಚಿತ್ರವನ್ನು ಗೋಡೆಗೆ ಅಂಟಿಸಿ ಹಿಂದೆ ಸರಿದು ನಿಂತು ನೋಡಿದರು. ಅವರು ಹಾಗೆ ನಿಂತಿದ್ದನ್ನು ಈ ನಾಲ್ಕು ವರ್ಷದಲ್ಲಿ ಕಂಡಿಲ್ಲ.

"ತಾನು ಹೊರೆ ಅಂತ ಅನ್ನಿಸಿದೋರು ಕೈಚೆಲ್ತಾರೆ. ಕೈಚೆಲ್ಲಿದೋರು ನೀರು ಕುಡೀತಾರೆ. ಇದನ್ನ ಇಷ್ಟು ಸ್ಪಷ್ಟವಾಗಿ ಯಾರೂ ತೋರಿಸಿಲ್ಲ ಯೂಫೆನ್."

"ಮೇಡಂ, ಗೆರೆಗೆ ಬಾಣ ಇಲ್ಲ. ಯಾವುದರಿಂದ ಯಾವುದು ಅಂತ..."

"ಗೊತ್ತಮ್ಮ. ಆ ಪಾಠ ಹೇಳಿಕೊಟ್ಟಿದ್ದು ನಾನೇ."

ಇಬ್ಬರೂ ನಕ್ಕೆವು. 29ಕ್ಕೆ ಆಸ್ಪತ್ರೆಯ ಮೀಟಿಂಗ್. ಡಯಾಲಿಸಿಸ್ ವಾರ್ಡಿಗೆ ಮುಂದಿನ ವರ್ಷ ಒಂದೇ ಕಾರ್ಯಕ್ರಮಕ್ಕೆ ಜಾಗ. ಈಗ ಇರುವುದು ಪೆಡಲು — ಮಲಗಿದ್ದಲ್ಲೇ ಕಾಲಿಗೆ ಸಿಗುವ ಸೈಕಲ್ ಪೆಡಲು, ತುಳಿಸಲು ಒಬ್ಬ ವ್ಯಾಯಾಮದ ಟೀಚರ್. ಅದನ್ನು ನಿಲ್ಲಿಸಿ 'ಹೊರೆ'ಯ ಬಗ್ಗೆ ಕೌನ್ಸೆಲಿಂಗ್ ಶುರು ಮಾಡಿ ಎಂದು ಮೇಡಂ ಹೇಳಲಿದ್ದಾರೆ. ಸಾಕ್ಷಿ, ನನ್ನ ಚಿತ್ರ. ಜೂನಿನಲ್ಲಿ ಕೊರಿಯಾದ ಸೋಲ್‌ನಲ್ಲಿ ನಡೆಯುವ ಸಮ್ಮೇಳನಕ್ಕೂ ಅದೇ.

ಖುಷಿಯಾಗಬೇಕು. ಆಗಿದೆ ಕೂಡ.

ಮಾರ್ಚ್ 11, ಶನಿವಾರ. ಮಧ್ಯಾಹ್ನ

ಏನೋ ಹೊಂದುತ್ತಿಲ್ಲ.

ಹನ್ನೊಂದು ವರ್ಷ ಆ ವಾರ್ಡಿನಲ್ಲಿ ಸೂಜಿ ಚುಚ್ಚಿದ್ದೇನೆ. ಯಾರು ನೀರು ಕುಡಿದು ಬರುತ್ತಾರೆ ಎಂದು ಗೊತ್ತು. ಗಮ್ಮತ್ತಿನವರು. ಮದುವೆ ಊಟಕ್ಕೆ ಹೋದವರು, ಇಸ್ಪೀಟು ಆಡುತ್ತ ಟೀ ಹೀರಿದವರು. ತಾನು ಮನೆಗೆ ಭಾರ ಎಂದುಕೊಂಡವರು ತುಟಿ ಒಣಗಿಸಿಕೊಂಡು ಕೂತಿರುತ್ತಾರೆ. ಒಂದು ಐಸ್ ಚೂರು ಕೇಳಲೂ ನಾಚಿಕೆ ಅವರಿಗೆ.

ನನ್ನ ಕಣ್ಣು ತಪ್ಪಿರಬಹುದು. ಕಣ್ಣು ತಪ್ಪುತ್ತದೆ ಎಂದೇ ಅಲ್ಲವೇ ಅಂಕಿಸಂಖ್ಯೆ ಕಲಿತದ್ದು?

ಮಾರ್ಚ್ 14, ಮಂಗಳವಾರ. ಸಂಜೆ 4

ಡಾಟಾವನ್ನು ಎರಡು ಪಾಲು ಮಾಡಿದೆ. ಪ್ರಶ್ನೆಗಳನ್ನು ತಾವೇ ಓದಿ ಗುರುತು ಹಾಕಿದವರು 170. ಓದು ಬಾರದೆ, ಅಥವಾ ಕಣ್ಣು ಕಾಣದೆ, ಬೇರೆಯವರಿಂದ ಓದಿಸಿಕೊಂಡು ಹೇಳಿದವರು 142. ಎರಡಕ್ಕೂ ಬೇರೆ ಬೇರೆ ಜಾಲ.

ಮೊದಲನೆಯದರಲ್ಲಿ ಹದಿನೇಳರಿಂದ ಹನ್ನೊಂದಕ್ಕೆ ಗೆರೆಯೇ ಇಲ್ಲ. ಕೂದಲಿನಷ್ಟೂ ಇಲ್ಲ. ಎರಡನೆಯದರಲ್ಲಿ ಹಗ್ಗದಂತೆ.

ವಯಸ್ಸಾದವರ ಮನಸ್ಸೇ ಬೇರೆ ಇರಬಹುದು. ಮೇಡಂ ಅದನ್ನೇ ಹೇಳುತ್ತಾರೆ. ಆದರೆ ಆ 142 ಜನಕ್ಕೂ ಓದಿ ಹೇಳಿದವರು ಒಬ್ಬರೇ. ಶ್ಯೂಚಿನ್ ಅಕ್ಕ. ನನಗೆ ಕೆಲಸ ಕಲಿಸಿದ ಹಿರಿಯ ನರ್ಸ್. ಹಾಳೆ ಇದ್ದದ್ದು ಶಾಲೆಯಲ್ಲಿ ಕಲಿಸುವ ಭಾಷೆಯಲ್ಲಿ, ಮುದುಕರು ಆಡುವುದು ತೈವಾನಿ. ನಾನು ಹಕ್ಕಾ ಭಾಷೆ ಆಡುವ ಮನೆಯವಳು. ನನ್ನ ತೈವಾನಿ ಕೇಳಿದರೆ ವಾರ್ಡಿಡೀ ನಗುತ್ತದೆ. ಅದಕ್ಕೇ ಅವರ ಕೈಗೆ ಹಾಳೆ ಕೊಟ್ಟು, ಪಕ್ಕದಲ್ಲಿ ಒಂದು ದಿನವೂ ಕೂರದೆ ಎದ್ದುಬಂದಿದ್ದೆ.

ಮಾರ್ಚ್ 15, ಬುಧವಾರ

ಬೆಳಗಿನ ಶಿಫ್ಟಿನ ಹೊತ್ತಿಗೆ ವಾರ್ಡಿಗೆ ಹೋದೆ. ಅಕ್ಕನಿಗೆ ಇವತ್ತು ರಜೆ, ಗೊತ್ತಿದ್ದೇ ಹೋದೆ. ನಾಚಿಕೆಯಾಯಿತು.

ಯಿನ್ ಅಜ್ಜಿ ಇದ್ದರು. ಎಪ್ಪತ್ತೇಳು ವರ್ಷ, ನಲವತ್ತು ವರ್ಷ ಬಟ್ಟಲಲ್ಲಿ ಅಕ್ಕಿ ಕಡುಬು ಬೇಯಿಸಿ ಮಾರಿದವರು. ಕೈಯಲ್ಲಿ ಎರಡು ಸೂಜಿ, ಬಾಯಿಗೆ ಬಿಡುವಿಲ್ಲ.

"ಅಜ್ಜಿ, ಹೋದ ವರ್ಷ ಅಕ್ಕ ಪ್ರಶ್ನೆ ಕೇಳಿದ್ರಲ್ಲ, ಹೊರೆ ಅಂತ ಒಂದಿತ್ತು. ನೆನಪಿದ್ಯಾ?"

"ಇಲ್ದೆ ಏನು! ನಮ್ಮಿಂದ ನಿಮಗೆ ಕೆಲಸ ಜಾಸ್ತಿ ಆಗುತ್ತಾ ಅಂತ ಕೇಳಿದ್ಲು. ಆಗುತ್ತೆ ಅಂದೆ. ಹೊಸ ವರ್ಷಕ್ಕೆ ಮೂರು ಬಟ್ಟಲು ಸೂಪ್ ಕುಡಿದು ಮೈಯಲ್ಲಿ ನಾಲ್ಕು ಕಿಲೋ ನೀರು ಹೊತ್ಕೊಂಡು ಬಂದಿದ್ದೆನಲ್ಲ, ಅದನ್ನ ಇಳಿಸೋಕೆ ನಿಮ್ಮ ಹುಡುಗಿಯರು ಬೆವರು ಸುರಿಸಿದ್ರು. ಐದು ಅಂತ ಬರ್ಕೋ ಅಂದೆ. ನಾನು ಸುಳ್ಳು ಹೇಳೋಳಲ್ಲ."

ಪಕ್ಕದ ಮಂಚದವರೂ ನಕ್ಕರು. ಅವರಿಗೂ ಹಾಗೇ ಕೇಳಿದ್ದಂತೆ. ಇನ್ನೂ ಆರು ಜನರನ್ನು ವಿಚಾರಿಸಿದೆ. ಅದೇ.

ಇಷ್ಟೇ. ನೀರು ಹೆಚ್ಚು ಕುಡಿದವರು ನರ್ಸ್‌ಗಳಿಗೆ ತೊಂದರೆ ಕೊಡುತ್ತೇವೆ ಎಂದು ನಿಜ ಹೇಳಿದ್ದಾರೆ. ನನ್ನ ದಪ್ಪ ಗೆರೆ ಅದು. ಅದರ ಮೇಲೆ ನಾನು 'ಕೈಚೆಲ್ಲಿದ ಮನಸ್ಸು' ಎಂದು ಎರಡು ಪುಟ ಬರೆದಿದ್ದೇನೆ.

ಮಾರ್ಚ್ 17, ಶುಕ್ರವಾರ

ಶ್ಯೂಚಿನ್ ಅಕ್ಕನನ್ನು ಆಸ್ಪತ್ರೆ ಹಿಂದಿನ ಅಂಗಡಿಗೆ ಕರೆದೆ. ಟೀ ತರಿಸಿದರು, ಕುಡಿಯಲಿಲ್ಲ.

"ಅಕ್ಕ, ಹದಿನೇಳನ್ನ ನೀವು ಹಾಳೆಯಲ್ಲಿದ್ದ ಹಾಗೆ ಓದಿಲ್ಲ, ಅಲ್ವಾ?"

"ಇಲ್ಲ." ಒಂದು ಕ್ಷಣವೂ ತಡವಿಲ್ಲ. "ಓದಲ್ಲ. ಮತ್ತೆ ಕೊಟ್ರೂ ಓದಲ್ಲ."

"ಒಂದು ಮಾತು ಹೇಳಬಹುದಿತ್ತು ನಂಗೆ."

"ಹೇಳಿದ್ರೆ ಏನ್ಮಾಡ್ತಿದ್ದೆ? ಹಾಗೇ ಓದಬೇಕು ಅಕ್ಕ, ಇಲ್ದಿದ್ರೆ ಅಳತೆ ಕೆಡುತ್ತೆ ಅಂತಿದ್ದೆ. ನಂಗೆ ಗೊತ್ತಿಲ್ವಾ ನೀನು?"

ಆಮೇಲೆ ಹೇಳಿದರು. ಆರು ವರ್ಷದ ಹಿಂದೆ ಇನ್ಯಾರದೋ ಸರ್ವೆ. ಗೂ ಎಂಬ ಬಡಗಿ, ಅರವತ್ತೆಂಟು. ಅವರಿಗೂ ಅಕ್ಕನೇ ಓದಿ ಹೇಳಿದ್ದು — ಮನೆಯವರಿಗೆ ನೀವು ಹೊರೆ ಅನ್ನಿಸುತ್ತಾ? "ಆತ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಐದು ಅಂದ. ನಾನು ಐದು ಅಂತ ಬರೆದು ಮುಂದಿನ ಪ್ರಶ್ನೆಗೆ ಹೋದೆ. ಹೋದೆ ಯೂಫೆನ್! ಹದಿನೈದು ಜನ ಬಾಕಿ ಇದ್ರು ಅವತ್ತು." ಮುಂದಿನ ವಾರ ಆತ ಡಯಾಲಿಸಿಸ್‌ಗೆ ಬರಲಿಲ್ಲ. ಫೋನ್ ತೆಗೆಯಲಿಲ್ಲ. ಆಮೇಲೆ ಹನ್ನೊಂದು ದಿನವಷ್ಟೇ ಬದುಕಿದ್ದರಂತೆ. ಮಗಳು ಅವರ ಆಸ್ಪತ್ರೆ ಕಾರ್ಡ್ ವಾಪಸು ಕೊಡಲು ಬಂದಾಗ ಕೌಂಟರಿನಲ್ಲಿ ಇದ್ದದ್ದೂ ಅಕ್ಕನೇ.

"ನಿಮ್ಮ ಪ್ರಶ್ನೆಯಿಂದಲೇ ಹೋದ್ರು ಅಂತ ಹೇಳಕ್ಕಾಗಲ್ಲ ಅಕ್ಕ."

"ನಿಂಗೆ ಹೇಳಕ್ಕಾಗಲ್ಲ. ನಿಂದು ಲೆಕ್ಕ. ನಂಗೆ ಆಗುತ್ತೆ."

ಜುಲೈಗೆ ನಿವೃತ್ತಿ ಅವರಿಗೆ. ಹೋಗುವಾಗ ಕೇಳಿದರು, "ನನ್ನ ಹೆಸರು ಹೇಳ್ತೀಯಾ?"

ಮಾರ್ಚ್ 28, ಮಂಗಳವಾರ

ಹನ್ನೊಂದು ದಿನ ಏನೂ ಬರೆದಿಲ್ಲ. ಮೇಡಂಗೂ ಹೇಳಿರಲಿಲ್ಲ. ಸ್ಲೈಡ್‌ಗಳಿಗೆ ಬಣ್ಣ ಹಾಕುತ್ತ ಕೂತಿದ್ದೆ. ಆ ಗೆರೆಗೆ ಕೆಂಪು, ಆಮೇಲೆ ನೀಲಿ, ಮತ್ತೆ ಕೆಂಪು. ಆ ಗೆರೆ ಸುಳ್ಳೆಂದು ಗೊತ್ತಿದ್ದೂ ಬಣ್ಣ ಹಾಕಿದೆ. ಇದನ್ನು ಇಲ್ಲಿಯಾದರೂ ಬರೆದಿಡಬೇಕು.

ಇವತ್ತು ಹೇಳಿದೆ. ನಾಳೆ ಮೀಟಿಂಗ್.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಷ್ಟು ದಿನದಿಂದ ಗೊತ್ತು?"

"ಎರಡು ವಾರ."

"ಎರಡು ವಾರ ಸುಮ್ಮನಿದ್ದು ಇವತ್ತು ಹೇಳ್ತೀಯ."

"ಹೂಂ."

"ಅನುವಾದದಲ್ಲಿ ವ್ಯತ್ಯಾಸ ಸಾಧ್ಯ ಅಂತ ಕೊನೇಲಿ ಒಂದು ಸಾಲು ಹಾಕಬಹುದು. ಎಲ್ರೂ ಹಾಕ್ತಾರೆ."

"ಹಾಕಬಹುದು ಮೇಡಂ. ಆದ್ರೆ ಇದು ವ್ಯತ್ಯಾಸ ಅಲ್ಲ. ಬೇರೆಯೇ ಪ್ರಶ್ನೆ."

ಕಿಟಕಿ ಕಡೆ ತಿರುಗಿ ಕೂತರು. ಓದಿ ಹೇಳಿದವರು ಯಾರು ಎಂದು ಕೇಳಿದರು. ತರಬೇತಿ ಕೊಡದೆ, ಪಕ್ಕದಲ್ಲಿ ಕೂರದೆ ಹಾಳೆ ಕೊಟ್ಟವಳು ನಾನು, ತಪ್ಪು ನನ್ನದು, ವರದಿಯಲ್ಲೂ ಹಾಗೇ ಬರೆಯುತ್ತೇನೆ ಎಂದೆ. ಬೈಗುಳ ಬರುತ್ತದೆ ಎಂದುಕೊಂಡಿದ್ದೆ. "ಮತ್ತೆ ಕೇಳಿಸ್ತೀಯಾ, ಬಿಡ್ತೀಯಾ?" ಎಂದರು. ಕೇಳುತ್ತೇನೆ ಎಂದೆ. "ಹಾಗಾದ್ರೆ ನಿನ್ನ ಪಿಎಚ್‌ಡಿ ಇನ್ನೊಂದು ವರ್ಷ ಹೋಯ್ತು. ನಂಗೆ ಸೋಲ್ ಹೋಯ್ತು." ಕನ್ನಡಕ ಹಾಕಿಕೊಂಡು ಸಮ್ಮೇಳನಕ್ಕೆ ಮೇಲ್ ಬರೆಯಲು ಶುರು ಮಾಡಿದರು. ಬಾಗಿಲು ಹಾಕಿಕೊಂಡು ಹೋಗು ಎಂದರು.

ಮಾರ್ಚ್ 29, ಬುಧವಾರ

ಮೀಟಿಂಗಿನಲ್ಲಿ ಮೇಡಂ ಎರಡೇ ನಿಮಿಷ ಮಾತಾಡಿದರು. ನಮ್ಮ ಅಳತೆಯಲ್ಲಿ ದೋಷ ಸಿಕ್ಕಿದೆ, ಸರಿಯಾಗುವವರೆಗೆ ಇದರ ಮೇಲೆ ಏನೂ ನಿರ್ಧರಿಸಬೇಡಿ. ಯಾರೋ ಗೊಣಗಿದರು. ಪೆಡಲು ಇನ್ನೊಂದು ವರ್ಷ ಇರಲಿ ಎಂದಾಯಿತು.

ಲಿಫ್ಟಿನಲ್ಲಿ ಮೇಡಂ ಫೋನ್ ತೆಗೆದು ಮೇಲ್ ನೋಡುತ್ತ ನಿಂತರು.

ಏಪ್ರಿಲ್ 5, ಬುಧವಾರ

ಹಿರಿಯರ ಹಬ್ಬ. ಊರಿಗೆ ಊರೇ ಸಮಾಧಿಗಳನ್ನು ಗುಡಿಸಿ ಬರಲು ಹೋಗಿದೆ. ನಮ್ಮ ಹಕ್ಕಾ ಮನೆಗಳದ್ದು ಹೊಸ ವರ್ಷ ಕಳೆದ ಕೂಡಲೇ ಮುಗಿದಿತ್ತು. ವಾರ್ಡಿಗೆ ರಜೆ ಇಲ್ಲ; ರಕ್ತ ಹಬ್ಬಕ್ಕೆ ಕಾಯುವುದಿಲ್ಲ.

ಶ್ಯೂಚಿನ್ ಅಕ್ಕ ಮೂರು ವಾರದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಇವತ್ತು ಊಟದ ಹೊತ್ತಿಗೆ ಎದುರಿಗೆ ಬಂದು ಕೂತರು. "ಮತ್ತೆ ಕೇಳ್ತೀಯಂತೆ. ಯಾರು ಕೇಳೋದು?"

"ನಾನೇ."

"ನಿನ್ನ ತೈವಾನೀಲಾ? ನಗು ತಡ್ಕೊಳ್ಳೋಕಾಗ್ದೆ ಸೂಜಿ ಕಿತ್ತು ಬರುತ್ತೆ ಅವರಿಗೆ."

"ಕಲಿಸ್ತೀರಾ?"

ಅನ್ನದ ಡಬ್ಬಿ ಮುಚ್ಚಿದರು. ತೆರೆದರು. "ಒಂದು ಷರತ್ತು. ಪಟ್ಟಿ ಹಿಡ್ಕೊಂಡು ಒಂದು ಬೆಳಿಗ್ಗೆ ಹದಿನೈದು ಜನ ಅಂತ ಹೋಗಬಾರ್ದು. ದಿನಕ್ಕೆ ನಾಲ್ಕು. ಕೂತ್ಕೊಂಡು ಕೇಳು. ನಾಲ್ಕೋ ಐದೋ ಅಂದ್ರೆ ಪೆನ್ನು ಕೆಳಗಿಡು, ನನ್ನ ಕರಿ."

"ಹಾಗೆ ಮಾಡಿದ್ರೆ ಎಲ್ರಿಗೂ ಒಂದೇ ರೀತಿ ಕೇಳಿದ ಹಾಗೆ ಆಗಲ್ಲ..."

ನೋಡಿದರು. ಆಯ್ತು ಎಂದೆ. ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು: ಉತ್ತರ ಬರೆದಾದ ಮೇಲೆ ತಾನೇ ಕರೆಯುವುದು. ಅಳತೆ ಕೆಡುವುದಿಲ್ಲ. ಹಾಳೆಯಲ್ಲಿ ಒಂದು ಹೊಸ ನಿಯಮ ಸೇರಿಸಿ, ಸಂಶೋಧನೆಗೆ ಅನುಮತಿ ಕೊಡುವ ನೀತಿ ಸಮಿತಿಗೆ ಕಳಿಸಬೇಕು. ಮೊದಲ ಸಲವೇ ಕಳಿಸಬೇಕಿತ್ತು. ಇಷ್ಟೊಂದು ಜನರನ್ನು 'ನೀವು ಹೊರೆಯೇ' ಎಂದು ಕೇಳಲು ಅನುಮತಿ ಪಡೆದಿದ್ದೆ, ಹೌದು ಎಂದವರಿಗೆ ಏನು ಮಾಡುವುದು ಎಂದು ಒಂದು ಸಾಲೂ ಬರೆದಿರಲಿಲ್ಲ.

ಏಪ್ರಿಲ್ 26, ಬುಧವಾರ

ಸಮಿತಿ ಒಪ್ಪಿತು. ಇಪ್ಪತ್ತೂ ಪ್ರಶ್ನೆ ಮತ್ತೆ ಮೊದಲಿನಿಂದ. ಶುರು.

142ರಲ್ಲಿ ಈಗ 131. ಒಂಬತ್ತು ಜನ ತೀರಿಕೊಂಡಿದ್ದಾರೆ. ಇಬ್ಬರು ಮಕ್ಕಳಿದ್ದ ಊರಿಗೆ ಹೋದರು. ತೀರಿಕೊಂಡವರ ಹದಿನೇಳನ್ನು ಏನು ಮಾಡುವುದು? ಖಾಲಿ ಬಿಡುತ್ತೇನೆ. ಪ್ರೋಗ್ರಾಂ ಖಾಲಿ ಜಾಗಗಳನ್ನು ಅಂದಾಜಿನಿಂದ ತುಂಬುತ್ತದೆ. ತುಂಬಿಸುವುದಿಲ್ಲ.

ಯಿನ್ ಅಜ್ಜಿಗೆ ಸರಿಯಾಗಿ ಕೇಳಿದೆ. ಉಚ್ಚಾರಣೆ ತಿದ್ದಿದರು ಮೊದಲು, ಎರಡು ಸಲ. ಆಮೇಲೆ ಹೇಳಿದರು, "ಮನೆಗಾ? ನಾನಾ ಹೊರೆ? ಇವತ್ತಿಗೂ ಸೊಸೆಗೆ ಹಿಟ್ಟು ಕಲಸೋದು ಬರಲ್ಲ. ಒಂದು ಬರ್ಕೋ. ಅದಕ್ಕಿಂತ ಕಮ್ಮಿ ಇದ್ರೆ ಅದನ್ನೇ ಬರಿ."

ಮೇ 4, ಗುರುವಾರ

ಇಪ್ಪತ್ತೆರಡು ಜನ ಆದರು. ಇಬ್ಬರು ಐದು ಎಂದರು. ಪೆನ್ನು ಕೆಳಗಿಟ್ಟೆ. ಅಕ್ಕ ಬಂದು ಕೂತರು. ಒಬ್ಬರು ಅತ್ತರು, ಇನ್ನೊಬ್ಬರು ಅಕ್ಕನ ಕೂದಲು ಬೆಳ್ಳಗಾಗಿದೆ ಎಂದು ಮಾತು ಬದಲಿಸಿದರು. ಅಕ್ಕ ಆಮೇಲೆ ನನಗೆ ಹೇಳಿದರು, "ನೀನು ಕೇಳೋ ಹೊತ್ತಿಗೆಲ್ಲ ನಾನು ದೂರದಲ್ಲಿ ನಿಂತು ಉಸಿರು ಹಿಡ್ಕೊಂಡಿರ್ತೀನಿ."

ಮೇಡಂಗೆ ಕಳಿಸಿದೆ. ಒಂದೇ ಸಾಲಿನ ಉತ್ತರ: ನಿಧಾನವಾಗಿ ಮಾಡು.

ಮೇ 10, ಬುಧವಾರ. ಬೆಳಿಗ್ಗೆ 11.30

ಈಗಲೇ ಬರೆದಿಡಬೇಕು, ಆಮೇಲೆ ಮಾತುಗಳು ಮಾಸುತ್ತವೆ.

ತೂ ಅಜ್ಜ. ಎಪ್ಪತ್ತೊಂದು. ಮೂವತ್ತು ವರ್ಷ ಸಿಟಿ ಬಸ್ ಓಡಿಸಿದವರು. ಸೋಮ, ಬುಧ, ಶುಕ್ರ ಬೆಳಿಗ್ಗೆ ಬರುತ್ತಾರೆ. ಮೊಮ್ಮಗಳು ಸ್ಕೂಟರಿನಲ್ಲಿ ತಂದು ಬಿಡುತ್ತಾಳೆ. ಹೋದ ವರ್ಷ ಅವರ ಉತ್ತರ 'ಒಂದು' — ನರ್ಸ್‌ಗಳಿಗೆ ಏನೂ ತೊಂದರೆ ಕೊಡದ ಮನುಷ್ಯ.

ಹದಿನೇಳಕ್ಕೆ ಬಂದಾಗ ಕಣ್ಣು ಮುಚ್ಚಿದ್ದರು. ನಿದ್ದೆ ಬಂತೇನೋ ಎಂದುಕೊಂಡೆ.

"ಇದನ್ನ ಕೇಳ್ತಿರೋದು ಕಾಗದಕ್ಕಾ, ನಂಗಾ?"

"ಕಾಗದಕ್ಕೆ ಅಜ್ಜ. ನಿಮಗೆ ಏನಾದ್ರೂ ಹೇಳಬೇಕು ಅನ್ಸಿದ್ರೆ, ನಿಮಗೆ."

"ಹಾಗಾದ್ರೆ ಐದು. ಕಾಗದಕ್ಕೆ ಬರ್ಕೋ."

ಬರೆದೆ. ಪೆನ್ನು ಕೆಳಗಿಟ್ಟೆ. ಆಮೇಲೆ ತಾವಾಗಿಯೇ ಹೇಳಿದರು. ಮೊಮ್ಮಗಳಿಗೆ ತಾಯ್‌ಪೇಯಲ್ಲಿ ಸೀಟು ಸಿಕ್ಕಿತ್ತು. ಹೋಗಲಿಲ್ಲ. ಕೇಳಿದರೆ ಇಲ್ಲಿನ ಕಾಲೇಜೇ ಇಷ್ಟ ಎನ್ನುತ್ತಾಳೆ. ವಾರಕ್ಕೆ ಮೂರು ಬೆಳಿಗ್ಗೆ ಕ್ಲಾಸಿಗೆ ತಡ. "ಬಸ್ಸಲ್ಲಿ ಒಬ್ಬ ಇಳೀದೆ ಬಾಗಿಲಲ್ಲೇ ನಿಂತ್ರೆ ಹಿಂದಿನೋರೆಲ್ಲ ಕಾಯ್ತಿರ್ತಾರೆ ನೋಡು. ಹಾಗೆ. ಸೋಮವಾರದಿಂದ ನಾನು ಬರಲ್ಲ. ಅವಳಿಗೆ ಹೇಳಿಲ್ಲ. ಅವತ್ತು ಬೆಳಿಗ್ಗೆ ಹೇಳ್ತೀನಿ, ಹೊಟ್ಟೆ ಸರಿ ಇಲ್ಲ, ನಾಳೆ ಹೋಗೋಣ ಅಂತ. ಆಮೇಲೆ ಮತ್ತೆ ನಾಳೆ."

ಇದನ್ನು ನನ್ನೊಳಗೇ ಇಟ್ಟುಕೊಳ್ಳಲಾಗದು ಎಂದೆ. ಅಕ್ಕನನ್ನು, ಡಾಕ್ಟರನ್ನು ಕರೆಯುತ್ತೇನೆ ಎಂದೆ.

ಅಜ್ಜನ ಮುಖ ಕಲ್ಲಾಯಿತು. "ಒಳ್ಳೇ ಹುಡುಗಿ ಅಂತ ಬಾಯಿಬಿಟ್ಟೆ. ನನ್ನದೇ ತಪ್ಪು."

ಶ್ಯೂಚಿನ್ ಅಕ್ಕ ಬಂದರು. ಬುದ್ಧಿ ಹೇಳಲಿಲ್ಲ. ಕುರ್ಚಿ ಎಳೆದುಕೊಂಡರು. "ಬರೋದು, ನಿಲ್ಸೋದು ನಿಮ್ಮ ಕೈಲಿದೆ. ಯಾರೂ ಕಟ್ಟಿಹಾಕಿ ಕರ್ಕೊಂಡು ಬರಲ್ಲ. ಆದ್ರೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ಹೋಗಬೇಡಿ. ಆ ಸುಳ್ಳನ್ನ ಅವಳು ಜೀವಮಾನವಿಡೀ ತಿರುವಿ ಹಾಕ್ತಾಳೆ — ಅವತ್ತು ನಾನು ಒತ್ತಾಯ ಮಾಡಿದ್ರೆ ಅಂತ. ಅವಳು ಹತ್ತೊಂಬತ್ತು ವರ್ಷದೋಳು."

ಅಜ್ಜ ಗೋಡೆ ಕಡೆ ತಿರುಗಿದರು.

ರೋಗಿಗಳನ್ನು ಮನೆಯಿಂದ ಕರೆತರುವ ವ್ಯಾನ್ ಇದೆ. ಎರಡು ವರ್ಷದಿಂದ ಇದೆ. ಮೊಮ್ಮಗಳು ಹೇಗೂ ಕರೆತರುತ್ತಿದ್ದಾಳಲ್ಲ ಎಂದುಕೊಂಡು ಯಾರೂ ಇವರಿಗೆ ವ್ಯಾನಿನ ವಿಷಯ ಹೇಳಿಯೇ ಇರಲಿಲ್ಲ. ನಾನೂ ಹೇಳಿಲ್ಲ. ಅಕ್ಕ ಅಲ್ಲೇ ನಿಂತು ಫೋನ್ ಮಾಡಿ ಹೆಸರು ಬರೆಸಿದರು. ಡಾಕ್ಟರ್ ಬಂದು ಅಜ್ಜನ ಜೊತೆ ಅರ್ಧ ಗಂಟೆ ಕೂತಿದ್ದರು. ಅವರ ಒಪ್ಪಿಗೆ ಪಡೆದೇ ಮೊಮ್ಮಗಳನ್ನು ಕರೆಸಿದ್ದು. ಅಜ್ಜ, ಅವಳು, ಡಾಕ್ಟರ್ ಮೂವರೂ ಒಳಗಿದ್ದಾರೆ ಈಗ. ಬಾಗಿಲು ಹಾಕಿದೆ.

ಮೇ 12, ಶುಕ್ರವಾರ

ಅಜ್ಜ ವ್ಯಾನಿನಲ್ಲಿ ಬಂದರು. ನನ್ನ ಕಡೆ ನೋಡಲಿಲ್ಲ. ನಾಲ್ಕು ಗಂಟೆ ಟಿವಿ ಕಡೆಗೇ ಮುಖ.

ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೇಳಿದರು, "ಅವರು ಮೊದಲ ಸಲದ ಡಾಟಾದಲ್ಲಿ ಎಲ್ಲಿದ್ರು?" ಒಂದು ಎಂದೆ. "ಒಂದು," ಎಂದರು ಅವರೂ.

ನಿನ್ನೆಯವರೆಗಿನದನ್ನು ಸುಮ್ಮನೆ ಓಡಿಸಿ ನೋಡಿದೆ. ಜಾಲ ಇನ್ನೂ ತೆಳು, ಯಾವುದೂ ನಡುವಿಗೆ ಬಂದಿಲ್ಲ. ಹದಿನೇಳು ಒಂದು ಮೂಲೆಯಲ್ಲಿದೆ; ಒಂದೆರಡು ಎಳೆ ಅಷ್ಟೇ. ಮೂಲೆಯ ವೃತ್ತ ಎಂದರೆ ಚಿಕ್ಕ ವಿಷಯ ಎಂದು ಓದಿಬಿಡುತ್ತಿದ್ದೆ ನಾನು. ನಾಲ್ಕು ವರ್ಷ ಹಾಗೇ ಓದಿದ್ದೇನೆ. ಮುನ್ನೂರು ಜನರ ನಡುವೆ ಎರಡು ಪ್ರಶ್ನೆಗಳಿಗೆ ಎಷ್ಟು ನಂಟು ಎಂದು ಗೆರೆ ಹೇಳುತ್ತದೆ. ಒಬ್ಬ ಮನುಷ್ಯನ ಒಳಗೆ ಅದು ಎಷ್ಟು ಭಾರ ಎಂದು ಹೇಳುವುದೇ ಇಲ್ಲ. ಪ್ರಬಂಧದಲ್ಲಿ ಇದನ್ನು ಬರೆಯಬೇಕು, ಕೊನೆಯ ಸಾಲಿನಲ್ಲಿ ಅಲ್ಲ.

ಮೇ 15, ಸೋಮವಾರ. ಬೆಳಿಗ್ಗೆ 6.50

ವಾರ್ಡಿನ ಹೊರಗಿನ ಬೆಂಚು. ವ್ಯಾನ್ ಬಂತು. ಮೂವರು ಇಳಿದರು. ತೂ ಅಜ್ಜ ಇಲ್ಲ. ಕರೆಯಲು ಹೋದಾಗ ಮನೆ ಬಾಗಿಲು ತೆರೆಯಲೇ ಇಲ್ಲ ಎಂದ ಡ್ರೈವರ್.

7.10

ಎಲ್ಲರಿಗೂ ಸೂಜಿ ಹಾಕಿ ಆಯಿತು. ಅಜ್ಜನ ಯಂತ್ರವನ್ನೂ ತೊಳೆದು ಸಿದ್ಧ ಮಾಡಿದ್ದಾರೆ ಶ್ಯೂಚಿನ್ ಅಕ್ಕ. ಮೊಮ್ಮಗಳ ಫೋನ್ ರಿಂಗಾಗುತ್ತಿದೆ, ಎತ್ತುತ್ತಿಲ್ಲ.

7.35

ಬಂದರು. ಸ್ಕೂಟರಿನಲ್ಲಿ. ಹೆಲ್ಮೆಟ್ ತೆಗೆಯುವ ಮೊದಲೇ ಮೊಮ್ಮಗಳ ಗಲಾಟೆ ಕಾರಿಡಾರಿಗೆ ಕೇಳಿಸಿತು. "ವ್ಯಾನ್ ಹತ್ತಲ್ವಂತೆ! ಆ ಡ್ರೈವರ್‌ಗೆ ಬ್ರೇಕ್ ಒತ್ತೋಕೇ ಬರಲ್ವಂತೆ! ಶುಕ್ರವಾರ ಏಳು ಸಲ ಎತ್ತಿಹಾಕಿದ್ನಂತೆ, ಲೆಕ್ಕ ಇಟ್ಟಿದಾರೆ! ಬಾಗಿಲ ಹಿಂದೆ ಅವಿತು ಕೂತಿದ್ರು, ಈ ವಯಸ್ಸಲ್ಲಿ!"

"ಮೂವತ್ತು ವರ್ಷದಲ್ಲಿ ಒಬ್ಬ ಅಜ್ಜಿಯ ಬುಟ್ಟಿಯನ್ನೂ ಉರುಳಿಸಿಲ್ಲ ನಾನು," ಎಂದರು ಅಜ್ಜ ತೂಕದ ಯಂತ್ರದ ಮೇಲೆ ನಿಂತು. ಯಾರಿಗೆ ಹೇಳಿದರೋ.

ಬುಧ, ಶುಕ್ರ ವ್ಯಾನು. ಸೋಮವಾರ ಮಾತ್ರ ಅವಳು. ದಾರಿಯುದ್ದಕ್ಕೂ ಜಗಳವಾಡಿ ಅಷ್ಟಕ್ಕೆ ಬಂದಿದ್ದಾರಂತೆ. ಮುಂದಿನ ವರ್ಷ ತಾಯ್‌ಪೇಗೆ ಮತ್ತೆ ಅರ್ಜಿ ಹಾಕುವ ಮಾತು ಇನ್ನೂ ಮುಗಿದಿಲ್ಲ. ಅಕ್ಕ ಸೂಜಿ ಹಾಕುತ್ತ ಇಬ್ಬರಿಗೂ ಬೈಯುತ್ತಿದ್ದಾರೆ, ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇಲ್ಲ.

ಅಜ್ಜ ಇತ್ತ ನೋಡಿದರು. ಬಾ ಎಂದು ಗದ್ದದಲ್ಲೇ ಸನ್ನೆ. ಅವತ್ತು ಮೂರು ಪ್ರಶ್ನೆ ಉಳಿದಿತ್ತಲ್ಲ, ಕೇಳಿ ಮುಗಿಸು ಅಂತ. ಹಾಳೆ ಹಿಡಿದು ಹೊರಟೆ.